ಬಾಕ್ಸಿಂಗ್: ಮುಷ್ಟಿಯ ಹಿಂದಿನ ಹೆಜ್ಜೆ

ಬಾಕ್ಸಿಂಗ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೈಗವಸು ತೊಟ್ಟ ಎರಡು ಮುಷ್ಟಿಗಳು. ಕಿರುತೆರೆಯಲ್ಲಿ ಪಂದ್ಯ ನೋಡುವಾಗಲೂ ನಮ್ಮ ದೃಷ್ಟಿ ಆ ಮುಷ್ಟಿಗಳ ಮೇಲೆಯೇ ನೆಟ್ಟಿರುತ್ತದೆ. ಆದರೆ ಅನುಭವಿ ತರಬೇತುದಾರ ಪಂದ್ಯ ನೋಡುವ ಬಗೆಯೇ ಬೇರೆ. ಆತ ಮೊದಲು ಗಮನಿಸುವುದು ಪಟುವಿನ ಪಾದಗಳನ್ನು. ಯಾವ ಕಾಲು ಮುಂದಿದೆ, ಯಾವುದು ಹಿಂದಿದೆ, ದೇಹದ ಭಾರ ಯಾವುದರ ಮೇಲಿದೆ ಎಂಬುದು ತಿಳಿದರೆ, ಮುಂದೆ ಯಾವ ಕೈಯಿಂದ ಎಂಥ ಹೊಡೆತ ಬರಬಹುದೆಂದು ಬಹುಮಟ್ಟಿಗೆ ಊಹಿಸಬಹುದು. ಎದುರಿಗೆ ನಿಂತ ಪಟುವೂ ಅದೇ ಊಹೆಯನ್ನು ಮಾಡುತ್ತಿರುತ್ತಾನೆ.

ಹಾಗಿರುವಾಗ ಪಂದ್ಯದ ನಡುವೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಮುಂದಿದ್ದ ಕಾಲು ಹಿಂದಕ್ಕೂ ಹಿಂದಿದ್ದ ಕಾಲು ಮುಂದಕ್ಕೂ ಬಂದುಬಿಟ್ಟರೆ ಏನಾಗುತ್ತದೆ? ಎದುರಾಳಿಯ ಲೆಕ್ಕವೆಲ್ಲ ಒಮ್ಮೆಗೇ ತಲೆಕೆಳಗಾಗುತ್ತದೆ. ಇದನ್ನೇ ಬಾಕ್ಸಿಂಗಿನಲ್ಲಿ ನಿಲುವು ಬದಲಾಯಿಸುವುದು ಎನ್ನುತ್ತಾರೆ. ಪ್ರತಿಹೊಡೆತಕ್ಕೆ, ಎಂದರೆ ಎದುರಾಳಿ ಹೊಡೆಯಲು ಬಂದು ತಪ್ಪಿದ ಕ್ಷಣದಲ್ಲಿಯೇ ಅವನನ್ನು ಹೊಡೆಯುವುದಕ್ಕೆ, ಇದು ಹೇಗೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ಇಲ್ಲಿ ನೋಡೋಣ. ಇದೇ ವಿದ್ಯೆ ಒಬ್ಬ ಪಟುವನ್ನು ಗೆಲ್ಲಿಸಿದ್ದನ್ನೂ, ಮತ್ತೊಬ್ಬ ಮಹಾನ್ ಪಟುವಿಗೆ ದುಬಾರಿಯಾದದ್ದನ್ನೂ ನೋಡೋಣ.

ಎರಡು ನಿಲುವುಗಳು

ವಿದ್ಯಾರ್ಥಿ ಮಿತ್ರರೇ, ಈ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು ಒಮ್ಮೆ ಎದ್ದು ನಿಲ್ಲಿ. ಎಡಗಾಲನ್ನು ಮುಂದಿಡಿ, ಬಲಗಾಲನ್ನು ಭುಜದಗಲದಷ್ಟು ಹಿಂದಕ್ಕೆ ಇಟ್ಟು ಹಿಮ್ಮಡಿಯನ್ನು ತುಸು ಎತ್ತಿ. ಎಡಗೈ ಮುಖದ ಮುಂದೆ, ಬಲಗೈ ಗಲ್ಲದ ಪಕ್ಕ ಇರಲಿ. ಇದು ಆರ್ಥೊಡಾಕ್ಸ್ ನಿಲುವು. ಬಲಗೈ ಬಳಸುವ ಬಹುಪಾಲು ಪಟುಗಳು ಹೀಗೆಯೇ ನಿಲ್ಲುತ್ತಾರೆ. ಮುಂದಿರುವ ಎಡಗೈಯಿಂದ ನೇರವಾಗಿ, ಚುರುಕಾಗಿ ಚುಚ್ಚಿದಂತೆ ಕೊಡುವ ಹೊಡೆತವೇ ಜ್ಯಾಬ್. ಹಿಂದಿರುವ ಬಲಗೈಯ ಹೊಡೆತ ಹೆಚ್ಚು ದೂರ ಸಾಗಬೇಕು. ಆದರೆ ಅದರ ಹಿಂದೆ ಹಿಮ್ಮಡಿಯ ಒತ್ತು, ಸೊಂಟದ ತಿರುವು, ಭುಜದ ಬಲ ಎಲ್ಲವೂ ಸೇರುವುದರಿಂದ ಅದು ಹೆಚ್ಚು ಭಾರವಾಗಿರುತ್ತದೆ.

ಈಗ ಕಾಲುಗಳನ್ನು ಅದಲುಬದಲು ಮಾಡಿ. ಬಲಗಾಲು, ಬಲಗೈ ಮುಂದೆ. ಎಡಗಾಲು, ಎಡಗೈ ಹಿಂದೆ. ಇದು ಸೌತ್‌ಪಾ ನಿಲುವು. ಸಾಮಾನ್ಯವಾಗಿ ಎಡಗೈ ಬಳಸುವವರ ನಿಲುವು ಇದು. ಲಂಡನ್‌ನಲ್ಲಿ 2012ರಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಕಂಚಿನ ಪದಕ ತಂದ ಮೇರಿ ಕೋಮ್ ಸೌತ್‌ಪಾ ನಿಲುವಿನವರೇ.

ಹೀಗೆ ನಿಂತಾಗ ನಿಮಗೆ ಏನೋ ಒಂದು ಬಗೆಯ ಇರುಸುಮುರುಸು ಆಗಿರಬೇಕು. ನೊಗದ ಎಡಕ್ಕೆ ಪಳಗಿದ ಎತ್ತನ್ನು ಒಂದು ದಿನ ಬಲಕ್ಕೆ ಕಟ್ಟಿದರೆ ಅದು ಹೆಜ್ಜೆ ತಪ್ಪುತ್ತದೆ ಎಂಬುದನ್ನು ರೈತರ ಮಕ್ಕಳಾದ ನಿಮ್ಮಲ್ಲಿ ಹಲವರು ಬಲ್ಲಿರಿ. ಮನುಷ್ಯನ ದೇಹವೂ ಹಾಗೆಯೇ. ಎರಡೂ ನಿಲುವುಗಳಲ್ಲಿ ಸಮನಾಗಿ ಆಡುವುದು ವರ್ಷಗಟ್ಟಲೆ ಅಭ್ಯಾಸದಿಂದ ಮಾತ್ರ ಬರುವಂಥದು.

ಕಣ್ಣು ಸಾಲದ ಕಡೆ ರೂಢಿ

ಕಾಲು ಬದಲಿಸಿದ ಮಾತ್ರಕ್ಕೆ ಎದುರಾಳಿ ಏಕೆ ತಬ್ಬಿಬ್ಬಾಗಬೇಕು? ಅವನಿಗೆ ಕಣ್ಣಿಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ಸ್ವಲ್ಪ ಶರೀರಶಾಸ್ತ್ರ ಬೇಕಾಗುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಮನುಷ್ಯನಿಗೆ ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಒಳ್ಳೆಯ ಪಟುವಿನ ಜ್ಯಾಬ್ ಹೆಚ್ಚುಕಡಿಮೆ ಅಷ್ಟೇ ಸಮಯದಲ್ಲಿ ಗುರಿ ಮುಟ್ಟಿಬಿಡುತ್ತದೆ. ಎಂದರೆ ಹೊಡೆತ ಹೊರಟದ್ದನ್ನು ನೋಡಿ, ಆಮೇಲೆ ಯೋಚಿಸಿ ತಪ್ಪಿಸಿಕೊಳ್ಳುವಷ್ಟು ವ್ಯವಧಾನ ಅಲ್ಲಿಲ್ಲ.

ಆದ್ದರಿಂದ ಪಟು ಮುಷ್ಟಿಯನ್ನು ನೋಡಿ ಕಾಯುವುದಿಲ್ಲ; ಭುಜದ ಅಲುಗಾಟ, ಸೊಂಟದ ತಿರುವು, ಪಾದದ ಚಲನೆ ಇವುಗಳಿಂದ ಮುಂಚೆಯೇ ಊಹಿಸುತ್ತಾನೆ. ಸಾವಿರಾರು ಸುತ್ತುಗಳ ಅಭ್ಯಾಸದಿಂದ ಈ ಊಹೆ ರೂಢಿಯಾಗಿಬಿಟ್ಟಿರುತ್ತದೆ. ಜನರಲ್ಲಿ ಸರಿಸುಮಾರು ಹತ್ತಕ್ಕೆ ಒಬ್ಬರು ಮಾತ್ರ ಎಡಚರು. ಹಾಗಾಗಿ ಅಭ್ಯಾಸದಲ್ಲಿ ಹೆಚ್ಚಾಗಿ ಎದುರಾಗುವುದು ಆರ್ಥೊಡಾಕ್ಸ್ ನಿಲುವಿನವರೇ. ಆ ನಿಲುವಿಗೆ ಹೊಂದಿಕೊಂಡ ರೂಢಿಯ ಮುಂದೆ ಥಟ್ಟನೆ ಸೌತ್‌ಪಾ ಬಂದು ನಿಂತರೆ, ಕಣ್ಣು ಬದಲಾವಣೆಯನ್ನು ಕಂಡರೂ ದೇಹ ಹಳೆಯ ಲೆಕ್ಕದಲ್ಲಿಯೇ ಚಲಿಸುತ್ತದೆ. ನಿಲುವು ಬದಲಿಸಿದವನಿಗೆ ದೊರೆಯುವ ಲಾಭ ಕಣ್ಣು ಮತ್ತು ರೂಢಿಯ ನಡುವಿನ ಈ ಅಂತರವೇ. ಎರಡು ಮೂರು ಸುತ್ತು ಕಳೆದರೆ ಜಾಣ ಎದುರಾಳಿ ಹೊಸ ಲೆಕ್ಕವನ್ನೂ ಕಲಿತುಬಿಡುತ್ತಾನೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಎದುರಾಳಿಯ ಮುಂದೆ ಬದಲಾಗುವುದೇನು?

ಇಬ್ಬರು ಆರ್ಥೊಡಾಕ್ಸ್ ಪಟುಗಳು ಎದುರುಬದುರು ನಿಂತಾಗ ಒಬ್ಬನ ಎಡಗೈ ಎದುರಿಗೆ ಇನ್ನೊಬ್ಬನ ಬಲಗೈ ಇರುತ್ತದೆ. ಮುಂದಿನ ಕೈಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ. ಜ್ಯಾಬ್‌ಗೆ ದಾರಿ ತೆರೆದಿರುತ್ತದೆ. ಬರುವ ಜ್ಯಾಬನ್ನು ಗಲ್ಲದ ಪಕ್ಕದ ಬಲಗೈಯಿಂದ ಸರಿಸುವುದು ಅಲ್ಲಿನ ವಾಡಿಕೆ.

ಈಗ ಇವರಲ್ಲಿ ಒಬ್ಬ ಸೌತ್‌ಪಾ ಆದನೆಂದುಕೊಳ್ಳಿ. ಮೂರು ಸಂಗತಿಗಳು ಒಮ್ಮೆಗೇ ಬದಲಾಗುತ್ತವೆ.

ಮೊದಲನೆಯದು, ಅವನ ಮುಂದಿನ ಬಲಗೈ ಎದುರಾಳಿಯ ಮುಂದಿನ ಎಡಗೈಗೆ ನೇರ ಎದುರಾಗುತ್ತದೆ. ಎದುರಾಳಿಯ ಜ್ಯಾಬ್ ಮುಖದ ಬಳಿಗೆ ಬರುವ ಮೊದಲೇ, ಅರ್ಧ ದಾರಿಯಲ್ಲಿಯೇ, ಆ ಬಲಗೈ ಅದನ್ನು ಕೆಳಗೆ ತಟ್ಟಿಬಿಡಬಲ್ಲದು. ಆ ಕ್ಷಣದಲ್ಲಿ ಹಿಂದೆ ಕಾದು ಕುಳಿತ ಎಡಗೈಗೆ ಎದುರಾಳಿಯ ಗಲ್ಲದವರೆಗೆ ನಡುವಿನ ದಾರಿ ತೆರೆಯುತ್ತದೆ. ಮುಂಗೈ ತಟ್ಟಬೇಕು, ಹಿಂಗೈ ಹೊಡೆಯಬೇಕು: ಇದೇ ಈ ನಿಲುವಿನ ಮೂಲ ಪ್ರತಿಹೊಡೆತ.

ಎರಡನೆಯದು, ಇಬ್ಬರ ಮುಂದಿನ ಪಾದಗಳೂ ಎದುರುಬದುರಾಗುತ್ತವೆ. ಆಗ ಯಾರ ಪಾದ ಇನ್ನೊಬ್ಬನ ಪಾದದ ಹೊರಬದಿಗೆ ಇಳಿಯುತ್ತದೆಯೋ ಅವನಿಗೆ ಅನುಕೂಲ ಹೆಚ್ಚು. ಅವನ ಹಿಂಗೈ ಎದುರಾಳಿಯ ನಡುಮಧ್ಯಕ್ಕೆ ಗುರಿಯಾಗುತ್ತದೆ. ಎದುರಾಳಿಯ ಹಿಂಗೈ ಮಾತ್ರ ದೂರ ಸರಿಯುತ್ತದೆ. ಸೌತ್‌ಪಾ ಮತ್ತು ಆರ್ಥೊಡಾಕ್ಸ್ ಪಂದ್ಯಗಳಲ್ಲಿ ಪಾದಗಳು ಒಂದನ್ನೊಂದು ಸುತ್ತುತ್ತಲೇ ಇರುವುದಕ್ಕೆ ಇದೇ ಕಾರಣ.

ಮೂರನೆಯದು, ದೇಹದ ಯಾವ ಭಾಗ ಮುಂದೆ ಬರುತ್ತದೆ ಎಂಬುದು. ನಮ್ಮ ಯಕೃತ್ತು ದೇಹದ ಬಲಭಾಗದಲ್ಲಿ, ಪಕ್ಕೆಲುಬಿನ ಅಂಚಿನಲ್ಲಿದೆ. ಅಲ್ಲಿಗೆ ಬಿದ್ದ ಒಂದೇ ಹೊಡೆತ ಗಟ್ಟಿಮುಟ್ಟಾದ ಪಟುವನ್ನೂ ಮಂಡಿಯೂರಿಸುತ್ತದೆ. ಸೌತ್‌ಪಾ ಪಟುವಿನ ಬಲಶಾಲಿಯಾದ ಎಡಗೈ ಎದುರಾಳಿಯ ಈ ಭಾಗಕ್ಕೆ ಸಲೀಸಾಗಿ ತಲಪುತ್ತದೆ. ಆದರೆ ಅದೇ ಹೊತ್ತಿನಲ್ಲಿ ಸೌತ್‌ಪಾ ಆಗಿ ನಿಂತವನ ಬಲಪಕ್ಕೆಯೂ ಮುಂದಕ್ಕೆ ಬಂದಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಹಾಗೆಯೇ, ನಮ್ಮ ಎಡಗೈಗೆ ತೆರೆದ ನೇರ ದಾರಿ ಎದುರಾಳಿಯ ಬಲಗೈಗೂ ತೆರೆದಿರುತ್ತದೆ. ಆದ್ದರಿಂದ ಒಂದು ನಿಲುವು ಇನ್ನೊಂದಕ್ಕಿಂತ ಮೇಲು ಎನ್ನುವಂತಿಲ್ಲ. ಆ ದಾರಿಗಳನ್ನು ಯಾರು ಹೆಚ್ಚು ಬಲ್ಲರೋ ಅವರಿಗೆ ಅದು ಮೇಲು.

ಬದಲಿಸುವ ಮೂರು ಬಗೆ

ನಿಲುವು ಬದಲಿಸಲು ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಹಿಂದೆ ಸರಿದು ಬದಲಿಸುವುದು. ಆರ್ಥೊಡಾಕ್ಸ್ ಆಗಿ ನಿಂತ ಪಟು ಮುಂದಿನ ಎಡಗಾಲನ್ನು ಹಿಂದಕ್ಕೆ ಎಳೆದು ಬಲಗಾಲಿನ ಆಚೆ ಇಡುತ್ತಾನೆ. ಇದರಿಂದ ಅವನ ತಲೆ ಅಷ್ಟು ದೂರ ಹಿಂದೆ ಹೋಗುತ್ತದೆ. ಬೆನ್ನಟ್ಟಿ ಬಂದ ಎದುರಾಳಿಯ ಜ್ಯಾಬ್ ಗಾಳಿಯಲ್ಲಿ ನಿಲ್ಲುತ್ತದೆ. ಅವನ ಕೈ ಚಾಚಿದೆ, ಭಾರ ಮುಂಗಾಲಿನ ಮೇಲಿದೆ. ಕೈಯನ್ನು ಮತ್ತೆ ಗಲ್ಲದ ಬಳಿಗೆ ತರಲು ಅರೆಗಳಿಗೆ ಬೇಕು. ಆ ಅರೆಗಳಿಗೆಯಲ್ಲಿ ಹೊಸ ಹಿಂಗೈ, ಎಂದರೆ ಎಡಗೈ, ಹೊರಡುತ್ತದೆ. ಪ್ರತಿಹೊಡೆತಕ್ಕೆ ಎಲ್ಲಕ್ಕಿಂತ ಹೊಂದುವ ಬಗೆ ಇದೇ. ಏಕೆಂದರೆ ಇಲ್ಲಿ ನಾವು ಹುಡುಕಿಕೊಂಡು ಹೋಗಬೇಕಿಲ್ಲ. ಎದುರಾಳಿಯೇ ಹೊಡೆತದ ದಾರಿಗೆ ನಡೆದು ಬರುತ್ತಾನೆ.

ಎರಡನೆಯದು ಮುಂದೆ ನಡೆದು ಬದಲಿಸುವುದು. ಬಲಗೈಯಿಂದ ಹೊಡೆಯುತ್ತಲೇ ಬಲಗಾಲನ್ನೂ ಮುಂದಕ್ಕೆ ತಂದು ಇಡುವುದು. ಆಗ ಎಡಗೈ ಹಿಂಗೈಯಾಗಿ, ಹೊಸ ಕೋನದಿಂದ, ಹೊಸ ಬಲದಿಂದ ಬರುತ್ತದೆ. ಇದು ಬಹಳ ಹಳೆಯ ವಿದ್ಯೆ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದ ಬಾಬ್ ಫಿಟ್ಜ್‌ಸಿಮನ್ಸ್ 1897ರ ಮಾರ್ಚ್ 17ರಂದು ಅಮೆರಿಕದ ಕಾರ್ಸನ್ ಸಿಟಿಯಲ್ಲಿ ಜೇಮ್ಸ್ ಕಾರ್ಬೆಟ್‌ನನ್ನು 14ನೆಯ ಸುತ್ತಿನಲ್ಲಿ ಸೋಲಿಸಿ ಹೆವಿವೇಟ್ ಪಟ್ಟ ಗೆದ್ದನು. ಪಕ್ಕೆಲುಬುಗಳು ಕೂಡುವಲ್ಲಿ, ಹೊಟ್ಟೆಯ ಮೇಲಿನ ಗುಳಿಗೆ ಬಿದ್ದ ಎಡಗೈಯ ಹೊಡೆತ ಆ ಪಂದ್ಯವನ್ನು ಮುಗಿಸಿತು. ಅಲ್ಲಿ ನರಗಳ ಒಂದು ಗಂಟು ಇದೆ. ಅದಕ್ಕೆ ಪೆಟ್ಟು ಬಿದ್ದರೆ ಉಸಿರು ಕಟ್ಟಿದಂತಾಗುತ್ತದೆ. ಹೀಗೆ ಹೆಜ್ಜೆ ಬದಲಿಸಿ ಹೊಡೆಯುವ ಕ್ರಮಕ್ಕೆ ‘ಫಿಟ್ಜ್‌ಸಿಮನ್ಸ್ ಶಿಫ್ಟ್’ ಎಂದೇ ಹೆಸರಾಯಿತು.

ಮೂರನೆಯದು ನೆಗೆದು ಬದಲಿಸುವುದು. ಎರಡೂ ಪಾದಗಳನ್ನು ಒಟ್ಟಿಗೆ ಎತ್ತಿ ಅದಲುಬದಲು ಮಾಡುವುದು. ನೋಡಲು ಸೊಗಸು, ವೇಗವೂ ಹೆಚ್ಚು. ಆದರೆ ಪಾದಗಳು ನೆಲ ಬಿಟ್ಟಿರುವಾಗ ಹೊಡೆಯಲೂ ಆಗದು, ಹೊಡೆತ ತಾಳಲೂ ಆಗದು.

ಅಪಾಯದ ಕ್ಷಣ

ಈ ಕೊನೆಯ ಮಾತು ಮೂರೂ ಬಗೆಗಳಿಗೆ ಅಷ್ಟಿಷ್ಟು ಅನ್ವಯಿಸುತ್ತದೆ. ಒಂದು ನಿಲುವಿನಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಪಾದಗಳೂ ಒಂದೇ ಸಾಲಿಗೆ ಬರುವ ಒಂದು ಕ್ಷಣ ಇದ್ದೇ ಇರುತ್ತದೆ. ಮತ್ತೊಮ್ಮೆ ಎದ್ದು ನಿಂತು, ಪಾದಗಳನ್ನು ಜೋಡಿಸಿಟ್ಟು, ಗೆಳೆಯನಿಗೆ ನಿಮ್ಮ ಭುಜವನ್ನು ಮೆಲ್ಲಗೆ ಹಿಂದಕ್ಕೆ ಒತ್ತಲು ಹೇಳಿ. ಬೆರಳ ತುದಿಯ ಒತ್ತಿಗೇ ನೀವು ಓಲಾಡುತ್ತೀರಿ. ಒಂದು ಕಾಲು ಹಿಂದಿಟ್ಟು ನಿಂತರೆ ಅದೇ ಒತ್ತು ನಿಮ್ಮನ್ನು ಅಲುಗಿಸದು. ನಿಲುವು ಬದಲಿಸುವ ಪಟು ಆ ಒಂದು ಕ್ಷಣ ಓಲಾಡುವ ಸ್ಥಿತಿಯಲ್ಲಿರುತ್ತಾನೆ. ಆಗ ಬಿದ್ದ ಸಾಮಾನ್ಯ ಹೊಡೆತವೂ ಅವನನ್ನು ನೆಲಕ್ಕುರುಳಿಸಬಹುದು.

ಆದ್ದರಿಂದ ಬದಲಾವಣೆಗೆ ಏನಾದರೂ ಒಂದು ಮರೆ ಬೇಕು. ಎದುರಾಳಿಯ ಕೈಗೆ ಎಟುಕದಷ್ಟು ದೂರವೇ ಮರೆಯಾಗಬಹುದು. ಅವನು ತಡೆಯಲೇಬೇಕಾದ ನಮ್ಮದೇ ಒಂದು ಹೊಡೆತ ಮರೆಯಾಗಬಹುದು. ಇಲ್ಲವೇ ಅವನ ನೇರದಿಂದ ಪಕ್ಕಕ್ಕೆ ಸರಿದದ್ದೇ ಮರೆಯಾಗಬಹುದು. ಈ ಮೂರರಲ್ಲಿ ಒಂದೂ ಇಲ್ಲದೆ ಎದುರಾಳಿಯ ಮೂಗಿನ ನೇರಕ್ಕೆ ಕಾಲು ಬದಲಿಸುವುದು ದುಸ್ಸಾಹಸ.

ಒಮಾಹಾದಲ್ಲಿ ಗೆದ್ದದ್ದು

2014ರ ಜೂನ್ 28ರಂದು ಅಮೆರಿಕದ ಒಮಾಹಾ ನಗರದಲ್ಲಿ ಟೆರೆನ್ಸ್ ಕ್ರಾಫರ್ಡ್ ಮತ್ತು ಯೂರಿಯೋರ್ಕಿಸ್ ಗಾಂಬೋವಾ ಲೈಟ್‌ವೇಟ್ ಪಟ್ಟಕ್ಕಾಗಿ ಸೆಣಸಿದರು. ಕ್ರಾಫರ್ಡ್‌ಗೆ ಅದು ಹುಟ್ಟೂರು. ಗಾಂಬೋವಾ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕ್ಯೂಬಾದ ಪರವಾಗಿ ಚಿನ್ನ ಗೆದ್ದವನು, ಮಿಂಚಿನಂಥ ಕೈಗಳವನು. ವೃತ್ತಿಪರ ಪಂದ್ಯಗಳಲ್ಲಿ ಅಲ್ಲಿಯವರೆಗೆ ಇಬ್ಬರೂ ಸೋಲು ಕಂಡವರಲ್ಲ.

ಕ್ರಾಫರ್ಡ್ ಆರ್ಥೊಡಾಕ್ಸ್ ನಿಲುವಿನಲ್ಲಿ ಆರಂಭಿಸಿದನು. ಮೊದಲ ಸುತ್ತುಗಳಲ್ಲಿ ಗಾಂಬೋವಾನ ವೇಗದ ಮುಂದೆ ಅವನ ಆಟ ನಡೆಯಲಿಲ್ಲ. ಆ ಸುತ್ತುಗಳಲ್ಲಿ ಅವನು ಕಂಡುಕೊಂಡದ್ದು, ಎದುರಾಳಿ ಗಿಡ್ಡನೆಯವನು, ದೂರವನ್ನು ದಾಟಲು ಅವನು ಒಮ್ಮೆಗೇ ಮುನ್ನುಗ್ಗಿ ಬರಲೇಬೇಕು ಎಂಬುದನ್ನು. ಆಮೇಲೆ ಕ್ರಾಫರ್ಡ್ ಸೌತ್‌ಪಾ ನಿಲುವಿಗೆ ಬದಲಾದನು. ಈಗ ಮುಂದಿನ ಬಲಗೈ ಗಾಂಬೋವಾನ ದಾರಿಗೆ ಅಡ್ಡವಾಯಿತು. ನುಗ್ಗಿ ಬಂದಾಗಲೆಲ್ಲ ಹೊಡೆತ ಎದುರಾಗತೊಡಗಿತು. 5ನೆಯ ಸುತ್ತಿನಲ್ಲಿ ಒಮ್ಮೆ, 8ನೆಯದರಲ್ಲಿ ಒಮ್ಮೆ, 9ನೆಯದರಲ್ಲಿ ಎರಡು ಬಾರಿ, ಹೀಗೆ ಒಟ್ಟು ನಾಲ್ಕು ಬಾರಿ ಗಾಂಬೋವಾ ನೆಲಕ್ಕೆ ಬಿದ್ದನು. 9ನೆಯ ಸುತ್ತಿನಲ್ಲಿಯೇ ಪಂದ್ಯವನ್ನು ನಿಲ್ಲಿಸಲಾಯಿತು.

ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು. ಮೊದಲು ಎದುರಾಳಿಯ ಸ್ವಭಾವವನ್ನು ಓದಿದ್ದು, ಅನಂತರ ಅದಕ್ಕೆ ತಕ್ಕ ನಿಲುವು.

ಲಾಸ್ ವೇಗಾಸ್‌ನಲ್ಲಿ ಕೈಬಿಟ್ಟು ಹೋದದ್ದು

ಈಗ ಇನ್ನೊಂದು ಪಂದ್ಯ. ಮಾರ್ವಿನ್ ಹ್ಯಾಗ್ಲರ್ 1980ರಲ್ಲಿ ಮಿಡಲ್‌ವೇಟ್ ವಿಶ್ವ ಪಟ್ಟ ಗೆದ್ದು, ಅದನ್ನು 12 ಬಾರಿ ಉಳಿಸಿಕೊಂಡ ಅಸಾಧಾರಣ ಪಟು. ಅವನ ವಾಡಿಕೆಯ ನಿಲುವು ಸೌತ್‌ಪಾ. ಆದರೆ ಎರಡೂ ಕಡೆ ಆಡಬಲ್ಲವನು. 1987ರ ಏಪ್ರಿಲ್ 6ರಂದು ಲಾಸ್ ವೇಗಾಸ್‌ನಲ್ಲಿ ಅವನ ಎದುರು ನಿಂತವನು ಶುಗರ್ ರೇ ಲಿಯೊನಾರ್ಡ್. ಸುಮಾರು ಮೂರು ವರ್ಷ ಅಂಕಣದಿಂದ ದೂರವಿದ್ದು ಮರಳಿ ಬಂದಿದ್ದನು.

ಗಂಟೆ ಬಾರಿಸಿದಾಗ ಹ್ಯಾಗ್ಲರ್ ಆರ್ಥೊಡಾಕ್ಸ್ ನಿಲುವಿನಲ್ಲಿ ಮುಂದೆ ಬಂದನು. ಲಿಯೊನಾರ್ಡ್ ಇನ್ನೂ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಹ್ಯಾಗ್ಲರ್ ಉತ್ತರವನ್ನು ಬದಲಿಸಿಬಿಟ್ಟಿದ್ದನು. ಚುರುಕು ಕಾಲಿನ ಲಿಯೊನಾರ್ಡ್ ಸುತ್ತುತ್ತ, ಹೊಡೆದು ಸರಿಯುತ್ತ, ಮೊದಲ ಎರಡು ಸುತ್ತುಗಳನ್ನೂ ಮೂವರು ತೀರ್ಪುಗಾರರ ಪಟ್ಟಿಯಲ್ಲಿ ಗೆದ್ದುಕೊಂಡನು. 3ನೆಯ ಸುತ್ತಿನಲ್ಲಿ ಹ್ಯಾಗ್ಲರ್ ತನ್ನ ಸೌತ್‌ಪಾಗೆ ಮರಳಿದನು. ಅಲ್ಲಿಂದ ಪಂದ್ಯ ಬಿಗಿಯಾಯಿತು.

ಈ ಎರಡು ಸುತ್ತುಗಳ ಬೆಲೆ ಎಷ್ಟೆಂದು ನೀವೇ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಸುತ್ತು ಗೆದ್ದವನಿಗೆ 10 ಅಂಕ, ಸೋತವನಿಗೆ 9. ಪಂದ್ಯ 12 ಸುತ್ತಿನದು. ಒಬ್ಬ ತೀರ್ಪುಗಾರ ಲಿಯೊನಾರ್ಡ್‌ಗೆ 118-110 ಎಂದು ಕೊಟ್ಟನು. ಇನ್ನೊಬ್ಬ ಹ್ಯಾಗ್ಲರ್‌ಗೆ 115-113 ಕೊಟ್ಟನು. ಮೂರನೆಯವನು ಲಿಯೊನಾರ್ಡ್‌ಗೆ 115-113 ಕೊಟ್ಟನು. ಪಟ್ಟವನ್ನು ನಿರ್ಧರಿಸಿದ್ದು ಈ ಮೂರನೆಯ ಪಟ್ಟಿ. 115-113 ಎಂದರೆ ಲಿಯೊನಾರ್ಡ್‌ಗೆ 7 ಸುತ್ತು, ಹ್ಯಾಗ್ಲರ್‌ಗೆ 5. ಮೊದಲ ಎರಡನ್ನು ಕಳೆದರೆ ಉಳಿದ ಹತ್ತು ಸುತ್ತುಗಳಲ್ಲಿ ಇಬ್ಬರೂ ಸಮ ಸಮ, ಐದು ಐದು! ಆ ಎರಡರಲ್ಲಿ ಒಂದನ್ನು ಹ್ಯಾಗ್ಲರ್ ಗೆದ್ದಿದ್ದರೆ ಆ ಪಟ್ಟಿ 114-114 ಆಗಿ ಪಂದ್ಯ ಡ್ರಾ ಆಗುತ್ತಿತ್ತು. ಡ್ರಾ ಆದರೆ ಪಟ್ಟ ಹಳೆಯ ಒಡೆಯನಲ್ಲಿಯೇ ಉಳಿಯುವುದು ವಾಡಿಕೆ. ಎರಡನ್ನೂ ಗೆದ್ದಿದ್ದರೆ ಅವನೇ ವಿಜಯಿ. ಆ ತೀರ್ಪಿನ ಬಗ್ಗೆ ಬಾಕ್ಸಿಂಗ್ ಪ್ರಿಯರ ಚರ್ಚೆ ದಶಕಗಳ ಕಾಲ ನಡೆಯಿತು. ಹ್ಯಾಗ್ಲರ್ ಮಾತ್ರ ಮತ್ತೆಂದೂ ಪಂದ್ಯಕ್ಕೆ ಇಳಿಯಲಿಲ್ಲ. 1988ರಲ್ಲಿ ನಿವೃತ್ತಿ ಘೋಷಿಸಿದನು.

ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಿಲುವು ಬದಲಿಸುವ ಸಾಮರ್ಥ್ಯ ಇಬ್ಬರಲ್ಲಿಯೂ ಇತ್ತು. ಕ್ರಾಫರ್ಡ್ ಬದಲಿಸಿದ್ದು ಎದುರಾಳಿಯಿಂದ ಕಲಿತ ಮೇಲೆ. ಹ್ಯಾಗ್ಲರ್ ಬದಲಿಸಿದ್ದು ಕಲಿಯುವ ಮೊದಲು. ಪ್ರತಿಹೊಡೆತ ಎಂಬ ಪದದಲ್ಲಿಯೇ ‘ಪ್ರತಿ’ ಇದೆ. ಎದುರಾಳಿ ಏನನ್ನೋ ಮಾಡಬೇಕು, ನಾವು ಅದನ್ನು ಕಾಣಬೇಕು, ಆಮೇಲೆ ನಮ್ಮ ಸರದಿ.

ಕಲಿಯುವವರಿಗೆ ಮತ್ತು ನೋಡುವವರಿಗೆ

ನಿಮ್ಮಲ್ಲಿ ಬಾಕ್ಸಿಂಗ್ ಕಲಿಯುತ್ತಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರು ಇರಬಹುದು. ನಿಮಗೆ ಹೇಳಬೇಕಾದದ್ದು ಇಷ್ಟು. ಮೊದಲು ಒಂದು ನಿಲುವು ಗಟ್ಟಿಯಾಗಲಿ. ಎರಡನೆಯದನ್ನು ಕನ್ನಡಿಯ ಮುಂದೆ, ನಿಧಾನವಾಗಿ, ಹೊಡೆತವಿಲ್ಲದೆ ಬರಿಯ ಹೆಜ್ಜೆಗಳಿಂದ ಆರಂಭಿಸಿ. ಹೊಸ ಮುಂಗೈಯ ಜ್ಯಾಬ್ ಹಳೆಯದರಷ್ಟೇ ಸಹಜವಾಗುವವರೆಗೆ ಅದನ್ನು ಪಂದ್ಯಕ್ಕೆ ಒಯ್ಯಬೇಡಿ. ಒಲಿಂಪಿಕ್ಸ್ ಮಾದರಿಯ ಪಂದ್ಯದಲ್ಲಿ ಇರುವುದು ಮೂರೇ ಸುತ್ತು. ಹ್ಯಾಗ್ಲರ್‌ನಂತೆ ಎರಡನ್ನು ಕೊಟ್ಟುಬಿಟ್ಟರೆ ಉಳಿಯುವುದು ಒಂದೇ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಇವೆಲ್ಲ ತರಬೇತುದಾರರ ಕಣ್ಣೆದುರು, ಸರಿಯಾದ ಕೈಗವಸು, ಹಲ್ಲಿನ ಕವಚ, ಶಿರಸ್ತ್ರಾಣಗಳೊಂದಿಗೆ ನಡೆಯಬೇಕಾದ ಅಭ್ಯಾಸಗಳು. ಶಿರಸ್ತ್ರಾಣ ಚರ್ಮ ಸೀಳದಂತೆ ಕಾಪಾಡುತ್ತದೆಯೇ ಹೊರತು ತಲೆಬುರುಡೆಯ ಒಳಗೆ ಮೆದುಳು ಅಲುಗುವುದನ್ನು ತಡೆಯಲಾರದು. ಪೆಟ್ಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಮಂಕು ಇವುಗಳಲ್ಲಿ ಯಾವುದು ಕಂಡರೂ ಅಂದಿನ ಅಭ್ಯಾಸವನ್ನು ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಕಾಲೇಜಿನ ಹಜಾರದಲ್ಲಿ ಗೆಳೆಯರೊಡನೆ ಬರಿಗೈಯಲ್ಲಿ ಪ್ರಯೋಗ ಮಾಡುವ ವಿದ್ಯೆಯಂತೂ ಇದಲ್ಲ.

ಅಂಕಣಕ್ಕೆ ಇಳಿಯದೆ ನೋಡಿ ಆನಂದಿಸುವವರು ಮುಂದಿನ ಬಾರಿ ಒಂದು ಸುತ್ತಿನ ಮಟ್ಟಿಗೆ ಮುಷ್ಟಿಗಳನ್ನು ಮರೆತುಬಿಡಿ. ಕಣ್ಣನ್ನು ಪರದೆಯ ಕೆಳಭಾಗದಲ್ಲಿ, ನಾಲ್ಕು ಪಾದಗಳ ಮೇಲೆ ಇಡಿ. ಯಾರು ಕಾಲು ಬದಲಿಸಿದರು, ಬದಲಿಸುವಾಗ ದೂರದಲ್ಲಿದ್ದರೇ ಹತ್ತಿರದಲ್ಲಿದ್ದರೇ, ಬದಲಿಸಿದ ಮೇಲೆ ಎದುರಾಳಿಯ ಮೊದಲ ಜ್ಯಾಬ್ ಏನಾಯಿತು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಸುತ್ತು ಮುಗಿದಾಗ ಅಂಕ ಯಾರಿಗೆ ಹೋಗಿರಬೇಕೆಂದು ಮೊದಲು ನೀವೇ ಬರೆದಿಟ್ಟು, ಆಮೇಲೆ ತೀರ್ಪುಗಾರರ ಅಂಕಗಳೊಂದಿಗೆ ಹೋಲಿಸಿ ನೋಡಿ.